ಸಬ್‌ವೂಫರ್ ಬಾಕ್ಸ್: ಲೆಕ್ಕ ಒಂದು, ಅಳತೆ ಇನ್ನೊಂದು

ಕಾರಿನ 12 ಇಂಚಿನ ಸಬ್‌ವೂಫರಿಗೆ (ಬಾಸ್ ಸ್ಪೀಕರಿಗೆ) ಪೋರ್ಟೆಡ್ ಬಾಕ್ಸನ್ನು, ಅಂದರೆ ಗಾಳಿ ಒಳಹೊರಗೆ ಓಡಾಡಲು ಪೋರ್ಟ್ ಎಂಬ ಕೊಳವೆ ಇರುವ ಬಾಕ್ಸನ್ನು, ನಾನೇ ಮಾಡಿಕೊಂಡೆ. ಮರಗೆಲಸದ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. 18 ಮಿ.ಮೀ. ಎಂಡಿಎಫ್, ಅಂಟು, ಸ್ಕ್ರೂ, ಒಳಗೆ ಅಡ್ಡಪಟ್ಟಿ, ಗಾಳಿ ಸೋರದಂತೆ ಮೂಲೆಗಳಿಗೆ ಸೀಲಂಟ್. ತಲೆ ತಿಂದಿದ್ದು ಪೋರ್ಟ್.

ಮೊದಲು ನೋಡಿದ್ದು ಸ್ಪೀಕರಿನ ಥೀಲ್-ಸ್ಮಾಲ್ ಅಂಕಿಗಳನ್ನು, ಅಂದರೆ ಯಾವ ಬಾಕ್ಸ್ ಹೊಂದುತ್ತದೆ ಅಂತ ಲೆಕ್ಕ ಹಾಕಲು ಬೇಕಾದ ಅಂಕಿಗಳನ್ನು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಶುರು ಮಾಡಿದ, ಆಮೇಲೆ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕ ಇದು. ಎಫ್‌ಎಸ್ (ಸ್ಪೀಕರ್ ತಾನಾಗಿಯೇ ಕಂಪಿಸುವ ಹರ್ಟ್ಜ್) ಅನ್ನು ಕ್ಯೂಇಎಸ್‌ನಿಂದ (ಆ ಕಂಪನವನ್ನು ಕಾಯಿಲ್, ಮ್ಯಾಗ್ನೆಟ್ ಎಷ್ಟು ತಡೆಯುತ್ತವೆ ಅಂತ ತೋರಿಸುವ ಅಂಕಿ) ಭಾಗಿಸಿ ನೋಡಿ. ಉತ್ತರ 50ರ ಆಸುಪಾಸಿನಲ್ಲಿದ್ದರೆ ಮುಚ್ಚಿದ ಬಾಕ್ಸ್ ಸರಿ, 100ರ ಹತ್ತಿರವಿದ್ದರೆ ಪೋರ್ಟೆಡ್. ನನ್ನದು 80 ದಾಟಿತ್ತು, ಧೈರ್ಯ ಬಂತು.

50 ಲೀಟರ್ ಬಾಕ್ಸ್, 34 ಹರ್ಟ್ಜ್ ಟ್ಯೂನಿಂಗ್ (ಪೋರ್ಟಿನ ಗಾಳಿ ತಾನಾಗಿ ಜೋರಾಗಿ ಕಂಪಿಸುವ ಸ್ವರ) ಅಂತ ಗುರಿ ಇಟ್ಟುಕೊಂಡೆ. 45ರ ಹತ್ತಿರ ಟ್ಯೂನ್ ಮಾಡಿದರೆ ಸದ್ದೇನೋ ಜೋರಾಗಿರುತ್ತದೆ, ಆದರೆ ಯಾವ ಹಾಡು ಹಾಕಿದರೂ ಒಂದೇ 'ಧಮ್'. ನನಗದು ಬೇಡ. ಕಾರಿನ ಒಳಜಾಗ ಚಿಕ್ಕದು, ಹಾಗಾಗಿ ತೀರಾ ಕೆಳಗಿನ ಬಾಸ್ ಅಲ್ಲಿ ತಾನಾಗಿಯೇ ಏರುತ್ತದೆ. ಇನ್ನೊಂದು ಮಾತು: 50 ಲೀಟರ್ ಅಂದರೆ ಉಳಿಯುವ ಗಾಳಿಯ ಜಾಗ. ಸ್ಪೀಕರಿನ ಹಿಂಭಾಗ, ಅಡ್ಡಪಟ್ಟಿ, ಪೋರ್ಟ್ ನುಂಗುವ ಜಾಗವನ್ನು ಬೇರೆ ಸೇರಿಸಬೇಕು.

ಈಗ ಪೋರ್ಟ್. 10 ಸೆಂ.ಮೀ. ವ್ಯಾಸದ ಪೈಪ್ ಹಾಕಿದರೆ ಲೆಕ್ಕದಲ್ಲಿ 33 ಸೆಂ.ಮೀ. ಉದ್ದ ಸಾಕು. ಆರಾಮಾಗಿ ಹಿಡಿಸುತ್ತದೆ. ಆದರೆ ವಾಲ್ಯೂಮ್ ಏರಿಸಿದಾಗ ಅಷ್ಟು ಸಣ್ಣ ಬಾಯಿಂದ ಗಾಳಿ ರಭಸವಾಗಿ ನುಗ್ಗಿ 'ಫುಸ್ ಫುಸ್' ಅನ್ನುತ್ತದೆ. ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ಮೀರದಿದ್ದರೆ ಒಳ್ಳೆಯದು. ಸರಿ, 15 ಸೆಂ.ಮೀ. ಪೈಪ್ ಹಾಕೋಣ ಅಂದರೆ ಉದ್ದ 80 ಸೆಂ.ಮೀ.! ವ್ಯಾಸ ದುಪ್ಪಟ್ಟಾದರೆ ಉದ್ದ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಈ ಕಾಟ ತಪ್ಪಿದ್ದಲ್ಲ. ಕೊನೆಗೆ 5 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲದ ಸ್ಲಾಟ್ ಪೋರ್ಟ್ ಆರಿಸಿಕೊಂಡೆ. ಉದ್ದ 68 ಸೆಂ.ಮೀ., ಎಲ್ ಆಕಾರದಲ್ಲಿ ಮಡಚಿದೆ. ಆ ಪೋರ್ಟ್ ಒಂದೇ, ಅದರ ಗೋಡೆಯೂ ಸೇರಿ, ಸುಮಾರು 14 ಲೀಟರ್ ನುಂಗಿತು.

ಬಾಕ್ಸಿನ ಗೋಡೆಯನ್ನೇ ಪೋರ್ಟಿನ ಒಂದು ಬದಿಯಾಗಿ ಬಳಸಿದಾಗ ಟ್ಯೂನಿಂಗ್ ಲೆಕ್ಕಕ್ಕಿಂತ ಕೆಳಗೆ ಬರುವುದು ಮಾಮೂಲು. ಅದಕ್ಕೇ ಒಂದು ಪಕ್ಕದ ಹಲಗೆಗೆ ಅಂಟು ಹಾಕದೆ, ಫೋಮ್ ಟೇಪ್ ಇಟ್ಟು ಸ್ಕ್ರೂ ಮಾತ್ರ ಬಿಗಿದಿದ್ದೆ. ಆಮೇಲೆ ಅಳತೆ. ಆಂಪ್ ಮತ್ತು ಸ್ಪೀಕರಿನ ನಡುವೆ ಸರಣಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್, ಸ್ಪೀಕರಿನ ಎರಡು ತುದಿಗೆ ಎಸಿ ವೋಲ್ಟ್‌ನಲ್ಲಿಟ್ಟ ಮಲ್ಟಿಮೀಟರ್, ಫೋನಿನಿಂದ ಟೋನ್. 15 ಹರ್ಟ್ಜ್‌ನಿಂದ ನಿಧಾನವಾಗಿ ಮೇಲಕ್ಕೆ ಹೋದರೆ ವೋಲ್ಟೇಜ್ ಏರಿ, ಇಳಿದು, ಮತ್ತೆ ಏರುತ್ತದೆ. ಎರಡು ಗುಡ್ಡದ ನಡುವಿನ ಕಣಿವೆಯೇ ನಿಮ್ಮ ನಿಜವಾದ ಟ್ಯೂನಿಂಗ್. ಜೋರಾಗಿ ನುಡಿಸುವಾಗ ಕೋನ್ ತೀರಾ ಕಡಿಮೆ ಅಲ್ಲಾಡುವುದೂ ಅಲ್ಲೇ, ಆಗ ಸದ್ದೆಲ್ಲ ಪೋರ್ಟಿನದು.

ನನಗೆ ಸಿಕ್ಕಿದ್ದು 32. ಹಲಗೆ ಬಿಚ್ಚಿ ಪೋರ್ಟಿನ ಒಳತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ, ಮತ್ತೆ ಅಳೆಯುತ್ತಾ ಹೋದೆ. ಕತ್ತರಿಸಿದಷ್ಟೂ ಟ್ಯೂನಿಂಗ್ ಏರುತ್ತದೆ. ಆದರೆ ಕತ್ತರಿಸಿದ ತುಂಡಿನ ಜಾಗ ಬಾಕ್ಸಿಗೆ ವಾಪಸ್ ಸೇರಿ ಅದನ್ನು ಚೂರು ಕೆಳಗೆ ಎಳೆಯುತ್ತದೆ. ಹಾಗಾಗಿ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹೋಯಿತು. 34 ಬಂದ ಮೇಲೆ ಅಂಟು ಹಾಕಿ, ಪೋರ್ಟಿನ ಎರಡೂ ಬಾಯಿಯ ಅಂಚು ದುಂಡಗೆ ಮಾಡಿದೆ.

ಡಿಕ್ಕಿಯಲ್ಲಿ ಇಡುವಾಗ ಪೋರ್ಟಿನ ಬಾಯಿ ಎದುರು ಧಾರಾಳ ಜಾಗ ಬಿಟ್ಟೆ. ಗೋಡೆಗೆ ಹತ್ತಿರ ಒತ್ತಿದರೆ ಟ್ಯೂನಿಂಗ್ ಮತ್ತೆ ಇಳಿಯುತ್ತದೆ. ಟ್ಯೂನಿಂಗಿಗಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಸುಮ್ನೆ ಎಗರಾಡಿ ಹಾಳಾಗುತ್ತದೆ. ಅದಕ್ಕೆ ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರನ್ನು 28 ಹರ್ಟ್ಜ್‌ಗೆ ಇಟ್ಟಿದ್ದೇನೆ. ಬಾಸ್ ಬೂಸ್ಟ್ ಸೊನ್ನೆಯಲ್ಲೇ ಇದೆ, ಅದನ್ನು ಮುಟ್ಟುವ ಅಗತ್ಯ ಬಂದಿಲ್ಲ.