ಸಿವಿಲೈಸೇಷನ್ 6: ಆನೆಗೆ ಆನೆ ಸೇರಿದರೆ ಗುಣ ಸ್ಟ್ಯಾಕ್ ಆಗುತ್ತದೆಯೇ?

ಸಿವಿಲೈಸೇಷನ್ 6 ಎಂಬ ಕಂಪ್ಯೂಟರ್ ತಂತ್ರದಾಟದಲ್ಲಿ ಭಾರತವನ್ನು ಆರಿಸಿಕೊಂಡು ಆಡುವವರು ಅದರ ವಿಶೇಷ ಘಟಕವಾದ ವಾರು ಆನೆಯ ವಿವರಣೆ ಓದಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ನಕ್ಷೆಯ ಪಕ್ಕದ ಮನೆಯಲ್ಲಿರುವ (ಖಾನೆಯಲ್ಲಿರುವ) ಶತ್ರು ಘಟಕದ ಬಲ 5 ಕುಗ್ಗುತ್ತದೆ, ಸರಿ. ಮೂರು ಆನೆ ಸುತ್ತ ನಿಂತರೆ 15 ಕುಗ್ಗುತ್ತದೆಯೇ? ಹೌದು, ಕುಗ್ಗುತ್ತದೆ. ವಾರುವಿನ ಗುಣ ಸ್ಟ್ಯಾಕ್ ಆಗುತ್ತದೆ. ಆದರೆ ಇದೊಂದನ್ನು ನಂಬಿಕೊಂಡು ಆಟದ ಎಲ್ಲ ಗುಣಗಳೂ ಹೀಗೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಗ್ರೀಸಿನ ಈಟಿಗಾರ ಘಟಕ ಹಾಪ್ಲೈಟನ್ನೇ ನೋಡಿ. ಪಕ್ಕದಲ್ಲಿ ಇನ್ನೊಂದು ಹಾಪ್ಲೈಟ್ ಇದ್ದರೆ ಅದಕ್ಕೆ 10 ಬಲ ಸಿಗುತ್ತದೆ. ಎರಡಿದ್ದರೂ 10, ಐದಿದ್ದರೂ 10. ಅಲ್ಲಿನ ವಿವರಣೆ ಕೇಳುವುದು ‘ಕನಿಷ್ಠ ಒಂದಾದರೂ ಇದೆಯೇ’ ಎಂದು ಮಾತ್ರ. ಎಷ್ಟಿವೆ ಎಂದು ಎಣಿಸುವುದಿಲ್ಲ. ಹಾಪ್ಲೈಟ್ ತನ್ನ ಮೇಲೇ ಒಂದು ಷರತ್ತು ಹಾಕಿಕೊಂಡಿದೆ, ವಾರು ಎದುರಾಳಿಯ ಮೇಲೆ ಹೊರೆ ಹಾಕುತ್ತದೆ. ಪ್ರತಿ ಆನೆಯೂ ತನ್ನ ಹೊರೆಯನ್ನು ಬೇರೆಯಾಗಿ ಹಾಕುವುದರಿಂದ ಅವು ಒಂದರ ಮೇಲೊಂದು ಪೇರುತ್ತವೆ. ಬೇರೆ ಬೇರೆ ಮೂಲಗಳಿಂದ ಬರುವ ಬಲದ ವಿಷಯದಲ್ಲಿ ಇಷ್ಟು ತಲೆಬಿಸಿ ಬೇಡ. ಗ್ರೇಟ್ ಜನರಲ್‌ನಿಂದ (ಹತ್ತಿರದ ಪಡೆಗೆ ಬಲ ಕೊಡುವ ಸೇನಾನಿ) ಬಂದ 5, ಯುದ್ಧ ಘೋಷಣೆಯಿಂದ ಬಂದ 5, ಫ್ಲಾಂಕಿಂಗ್‌ನ (ಅದೇ ಶತ್ರುವಿನ ಪಕ್ಕ ನಿಂತ ನಿಮ್ಮ ಪ್ರತಿ ಇನ್ನೊಂದು ಘಟಕದಿಂದ ಸಿಗುವ) 2 ಎಲ್ಲವೂ ನೇರ ಕೂಡಿಕೊಳ್ಳುತ್ತವೆ.

ಈ ಐದೈದು ಅಂಕಗಳಿಗೆ ಇಷ್ಟು ಬೆಲೆ ಏಕೆ? ಹಾನಿ ನೇರಗೆರೆಯಲ್ಲಿ ಏರುವುದಿಲ್ಲ. ಎರಡೂ ಕಡೆಯ ಬಲ ಸಮವಾಗಿದ್ದರೆ ಸರಾಸರಿ 30 ಹಾನಿ. 10ರ ಅಂತರಕ್ಕೆ ಸುಮಾರು 45, 20ಕ್ಕೆ 67, 30ಕ್ಕೆ ಹತ್ತಿರ ಹತ್ತಿರ 100, ಅಂದರೆ ಒಂದೇ ಏಟಿಗೆ ಸಾವು. ಇದರ ಮೇಲೆ ಅದೃಷ್ಟದ ಪಾಲು ಶೇಕಡಾ 20ರಷ್ಟು ಆಚೀಚೆ. ಅಂತರ ಹಿಗ್ಗಿದಂತೆ ಮುಂದಿನ 5 ಅಂಕ ಹಿಂದಿನ 5ಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಆನೆಗೆ ಅತಿ ಕೆಟ್ಟ ಎದುರಾಳಿಯನ್ನೇ ತೆಗೆದುಕೊಳ್ಳೋಣ: ಎರಡು ಸರದಿ ಬೇರೂರಿ (ಫೋರ್ಟಿಫೈ ಆಗಿ) ಕೂತ ಸ್ಪಿಯರ್‌ಮನ್, ಅಂದರೆ ಈಟಿಗಾರ. ಮೂಲಬಲ 25, ಸವಾರ ಪಡೆಗಳೆದುರು 10, ಬೇರೂರಿದ್ದಕ್ಕೆ 6, ಒಟ್ಟು 41. ಒಂಟಿ ವಾರು (ಬಲ 40) ಹೋದರೆ ಅವನ ಬಲ 36ಕ್ಕೆ ಇಳಿಯುತ್ತದೆ. ನೀವು ಕೊಡುವ ಹಾನಿ ಸುಮಾರು 35, ತಿನ್ನುವುದು 26. ಏನೂ ಲಾಭವಿಲ್ಲ. ಅದೇ ಮೂರು ವಾರು ಅವನ ಪಕ್ಕ ನಿಂತರೆ ಅವನ ಬಲ 26. ನಿಮ್ಮ ಆನೆಗೆ ಕ್ಲಾಸಿಕಲ್ ಯುಗದ ಜನರಲ್‌ನ 5, ಭಾರತದ ನಾಯಕ ಚಂದ್ರಗುಪ್ತನ ಭೂವಿಸ್ತರಣೆ ಯುದ್ಧದ 5, ಉಳಿದೆರಡು ಆನೆಗಳಿಂದ ಫ್ಲಾಂಕಿಂಗ್ 4 ಸೇರಿ 54. ಅಂತರ 28, ಹಾನಿ ಸುಮಾರು 92. ಗುಣ ಸ್ಟ್ಯಾಕ್ ಆಗದೆ ಬರೀ 5 ಕುಗ್ಗಿದ್ದರೆ 62ಕ್ಕೆ ನಿಲ್ಲುತ್ತಿತ್ತು. ಡೀಟಿ (ಅತಿ ಕಠಿಣ) ಮಟ್ಟದಲ್ಲಿ ಆಡುವವರು ಶತ್ರುವಿಗೆ ಇನ್ನೂ 4 ಸೇರಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಲಾಭವನ್ನು ಬಹಳಷ್ಟು ಜನ ಗಮನಿಸುವುದೇ ಇಲ್ಲ. ಕುಗ್ಗುವುದು ಶತ್ರುವಿನ ಬಲ. ಹೊಡೆಯುವವರು ಆನೆಗಳೇ ಆಗಬೇಕೆಂದಿಲ್ಲ. 25 ಬಲದ ಬಿಲ್ಲುಗಾರ ಬೇರೂರಿದ ಸ್ಪಿಯರ್‌ಮನ್‌ಗೆ ಬಾಣ ಬಿಟ್ಟರೆ ಸುಮಾರು 24 ಹಾನಿ. ಮೂರು ಆನೆ ಆ ಸ್ಪಿಯರ್‌ಮನ್‌ನ ಪಕ್ಕದಲ್ಲಿದ್ದರೆ ಅದೇ ಬಾಣಕ್ಕೆ 43, ಅದೂ ತಿರುಗೇಟಿಲ್ಲದೆ. ಹಾಗಾಗಿ ಕ್ರಮ ಮುಖ್ಯ. ಮೊದಲು ಎಲ್ಲ ಆನೆಗಳನ್ನೂ ಜಾಗಕ್ಕೆ ತನ್ನಿ, ಯಾವುದರಿಂದಲೂ ಹೊಡೆಸಬೇಡಿ. ಆಮೇಲೆ ಬಿಲ್ಲುಗಾರರು. ಕೊನೆಗೆ ಆನೆಯ ಏಟು. ಕೊಂದ ಆನೆ ಸತ್ತವನ ಮನೆಗೆ ನುಗ್ಗುತ್ತದೆ ಎಂಬುದನ್ನು ಮರೆತರೆ ಪಕ್ಕದ ಶತ್ರುವಿನ ಸುತ್ತ ಕಟ್ಟಿದ ವ್ಯೂಹ ಒಡೆಯುತ್ತದೆ. ನುಗ್ಗಿದ ಮೇಲೂ ಎರಡನೆಯ ಶತ್ರುವಿಗೆ ತಾಗಿಕೊಂಡೇ ಇರುವ ಆನೆಯಿಂದ ಕೊನೆಯ ಏಟು ಹೊಡೆಸಿ.

ವಾರುವಿನ ನಡೆ ಬರೀ 2, ಗುಡ್ಡಗಾಡಿನಲ್ಲಿ ಅದೂ ಒಂದೇ ಹೆಜ್ಜೆಗೆ ಮುಗಿಯುತ್ತದೆ. ಮಿಲಿಟರಿ ಟ್ರೈನಿಂಗ್ ಸಿವಿಕ್ (ಸಂಸ್ಕೃತಿ ಅಂಕಗಳಿಂದ ಕಲಿಯುವ ಸುಧಾರಣೆ) ಸಿಕ್ಕ ಮೇಲೆ ಚಂದ್ರಗುಪ್ತ ಘೋಷಿಸಬಹುದಾದ ಭೂವಿಸ್ತರಣೆ ಯುದ್ಧ ಮೊದಲ 10 ಸರದಿ ನಡೆಗೂ 2 ಸೇರಿಸುತ್ತದೆ, ಜನರಲ್ ಇನ್ನೊಂದು. ಒಟ್ಟು 5 ಆಗುವುದರಿಂದ ಆ ಹತ್ತು ಸರದಿಗಳಲ್ಲೇ ಸುತ್ತುವರಿಯುವ ಕೆಲಸ ಮುಗಿಸಿ. ಗಡಿಯಲ್ಲಿ ಆನೆ ಸಾಲಾಗಿ ನಿಲ್ಲುವ ಮುಂಚೆ ಯುದ್ಧ ಸಾರಿದರೆ ಅರ್ಧ ಅವಧಿ ನಡಿಗೆಯಲ್ಲೇ ಕಳೆಯುತ್ತದೆ. (ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ಕೈಗೊಂಡನೆಂದು ಜೈನ ಪರಂಪರೆ ಹೇಳುವ ಅದೇ ಚಂದ್ರಗುಪ್ತ, ಆಟದಲ್ಲಿ ಮಾತ್ರ ಅವನಿಗೆ ವೈರಾಗ್ಯದ ಸುಳಿವೇ ಇಲ್ಲ.) ಫ್ಲಾಂಕಿಂಗ್ ಬೇಕೆಂದರೆ ಮಿಲಿಟರಿ ಟ್ರೆಡಿಷನ್ ಸಿವಿಕ್ ಮುಗಿದಿರಬೇಕು. ಅದರ ಜೊತೆ ಬರುವ ಮನೂವರ್ ಎಂಬ ನೀತಿ ಕಾರ್ಡನ್ನು ಆಗಲೇ ಹಾಕಿಕೊಳ್ಳಿ, ಸಾಧಾರಣ ವೇಗದಲ್ಲಿ 120 ಉತ್ಪಾದನೆ ಬೇಡುವ ಆನೆ ಬೇಗ ತಯಾರಾಗುತ್ತದೆ.

ಗ್ರೇಟ್ ಜನರಲ್‌ಗಳ ಲೆಕ್ಕ ಎಡವಟ್ಟಿನದು. ಒಂದೇ ಯುಗದ ಇಬ್ಬರು ಜನರಲ್‌ಗಳು ಕೂಡುವುದಿಲ್ಲ. ಬೇರೆ ಯುಗದವರು ಕೂಡುತ್ತಾರೆ. ಪ್ರತಿ ಜನರಲ್ ತನ್ನ ಯುಗದ ಮತ್ತು ಅದರ ಮುಂದಿನ ಯುಗದ ಭೂಪಡೆಗೆ ಎರಡು ಮನೆಗಳೊಳಗೆ 5 ಬಲ, 1 ನಡೆ ಕೊಡುತ್ತಾನೆ. ಹಾಗಾಗಿ ಮಧ್ಯಯುಗದ ನೈಟ್ ಪಕ್ಕ ಕ್ಲಾಸಿಕಲ್ ಯುಗದ ಜನರಲ್ ಹ್ಯಾನಿಬಲ್ ಮತ್ತು ಮಧ್ಯಯುಗದ ಜನರಲ್ ಎಲ್ ಸಿಡ್ ಇಬ್ಬರೂ ಇದ್ದರೆ 10 ಬಲ, 2 ನಡೆ. ವಾರು ಕ್ಲಾಸಿಕಲ್ ಘಟಕ. ಎಲ್ ಸಿಡ್‌ನಿಂದ ಅದಕ್ಕೆ ಚಿಕ್ಕಾಸೂ ಸಿಗದು. ಬಿಲ್ಲುಗಾರ ಪ್ರಾಚೀನ ಯುಗದವನು, ಅವನಿಗೆ ಹ್ಯಾನಿಬಲ್‌ನಿಂದಲೂ ಏನಿಲ್ಲ. ನಡೆಯ ಲಾಭಕ್ಕೆ ಸರದಿ ಆರಂಭವಾಗುವಾಗಲೇ ಘಟಕ ಜನರಲ್‌ನ ಸುತ್ತಳತೆಯಲ್ಲಿರಬೇಕು. ಒಂದು ಬಡ್ತಿಯ ಆಸೆಗೆ ಹ್ಯಾನಿಬಲ್‌ನನ್ನು ನಿವೃತ್ತಿ ಮಾಡಿದರೆ ಆ ಸುತ್ತಳತೆಯೂ ಅವನ ಜೊತೆಗೇ ಹೋಯಿತು. ಯುದ್ಧದ ನಡುವೆ ಅದು ದುಬಾರಿ ಚೌಕಾಸಿ.

ಒಲಿಗಾರ್ಕಿ ಸರ್ಕಾರದ 4 ಬಲ ಆನೆಗೂ ಬರುತ್ತದೆಂದು ನಂಬುವವರಿದ್ದಾರೆ. ಬರುವುದಿಲ್ಲ, ವಾರು ಹೆವಿ ಕ್ಯಾವಲ್ರಿ (ಭಾರಿ ಸವಾರ ಪಡೆ), ಭೂಪಡೆಯಲ್ಲಿ ಆ 4 ಮೆಲೀ (ಕೈಕೈ ಕಾದಾಡುವ ಕಾಲಾಳು) ಮತ್ತು ಆಂಟಿ ಕ್ಯಾವಲ್ರಿಗಷ್ಟೇ (ಸವಾರರನ್ನು ಎದುರಿಸುವ ಈಟಿಗಾರರು). ಕೋಟೆಗೋಡೆ ಒಡೆಯಲು ನೆರವಾಗುವ ಬ್ಯಾಟರಿಂಗ್ ರ‍್ಯಾಮ್ ಕೂಡ ಆ ಎರಡು ವರ್ಗಗಳಿಗೇ ಸೀಮಿತ. ನಗರಕ್ಕೆ ತಾಗಿ ಒಂದು ರ‍್ಯಾಮ್ ಇದ್ದರೆ ಸಾಕು, ಎರಡನೆಯದು ದಂಡ. ಆನೆ ನಡೆದದ್ದೇ ದಾರಿ ಎಂಬ ಮಾತು ಕೋಟೆಗೋಡೆಯ ಮುಂದೆ ನಡೆಯದು: ನಗರ ಘಟಕವಲ್ಲವಾದ್ದರಿಂದ ಅದರ ಬಲ ಕುಗ್ಗುವುದಿಲ್ಲ. ಗೋಡೆಗೆ ಕವಣೆಯಂತ್ರ ತನ್ನಿ; ಆನೆಗಳನ್ನು ನೆರವಿಗೆ ಬರುವ ಪಡೆಯ ಮೇಲೆ ಬಿಡಿ.

ಬೇರೆ ನಾಗರಿಕತೆಯ ಘಟಕದ ಗುಣ ಸ್ಟ್ಯಾಕ್ ಆಗುತ್ತದೋ ಎಂದು ತಿಳಿಯಲು ಆಟವನ್ನು ಸೇವ್ ಮಾಡಿ, ಒಂದೇ ಘಟಕವನ್ನು ಶತ್ರುವಿನ ಪಕ್ಕ ತಂದು ದಾಳಿಯ ಮುನ್ನೋಟ ತೆರೆಯಿರಿ. ಎರಡೂ ಕಡೆಯ ಒಟ್ಟು ಬಲವನ್ನೂ ಕೆಳಗಿನ ಪ್ಲಸ್ ಮೈನಸ್ ಸಾಲುಗಳನ್ನೂ ಬರೆದುಕೊಂಡು, ಹೊಡೆಯದೆ ಎರಡನೆಯದನ್ನು ತಂದು ಮತ್ತೆ ನೋಡಿ. ಫ್ಲಾಂಕಿಂಗ್‌ನ 2 ಬೇರೆ ಸಾಲಾಗಿ ಬರುತ್ತದೆ, ಅದನ್ನು ಗುಣದ ಲೆಕ್ಕಕ್ಕೆ ಸೇರಿಸಬೇಡಿ. ಗಾಯಗೊಂಡ ಘಟಕವನ್ನು ಪರೀಕ್ಷೆಗೆ ಬಳಸಬೇಡಿ. ಪ್ರತಿ 10 ಗಾಯಕ್ಕೆ 1 ಬಲ ತಾನೇ ಇಳಿದು ಅಂಕಿ ಗೊಂದಲವಾಗುತ್ತದೆ.

ವಾರುವನ್ನು ಅಪ್‌ಗ್ರೇಡ್ ಮಾಡಿದರೆ ಈ ಗುಣ ಹೋಗುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಎರಡನ್ನು ಹಾಗೇ ಉಳಿಸಿಕೊಳ್ಳಿ. ಮಸ್ಕೆಟ್ ಕಾಲದಲ್ಲಿ ಅವು ಹೊಡೆಯಲು ಲಾಯಕ್ಕಲ್ಲ, ಆದರೆ ಗಟ್ಟಿ ಘಟಕಗಳ ನಡುವೆ ನಿಂತು ಎದುರಾಳಿಯಿಂದ 10 ಬಲ ಕಸಿಯಲು ಈಗಲೂ ಸಾಕು.