ಗುರಿ ಬದಲಿಸದೆ ಸ್ಪೆಲ್ ಮುಟ್ಟಿಸುವ ಮ್ಯಾಕ್ರೊ

ಮಂಗಳೂರಿನಲ್ಲಿ ಕುಳಿತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವವರ ಸರ್ವರ್ ಸಮುದ್ರದಾಚೆ ಇರುತ್ತದೆ. ಒತ್ತಿದ ಕೀಲಿ ಅಲ್ಲಿಗೆ ಮುಟ್ಟುವುದಕ್ಕೇ ಒಂದಿಷ್ಟು ಹೊತ್ತು ಬೇಕು. ಜೊತೆಗಾರರನ್ನು ಗುಣಪಡಿಸುವ ಹೀಲರ್ ಆದವರಿಗೆ ಅದರ ಮೇಲೆ ಇನ್ನೂ ಮೂರು ಕೆಲಸ: ಗಾಯಗೊಂಡ ಜೊತೆಗಾರನ ಮೇಲೆ ಕ್ಲಿಕ್ ಮಾಡಬೇಕು, ಸ್ಪೆಲ್ (ಮಂತ್ರ) ಒತ್ತಬೇಕು, ಮತ್ತೆ ಬಾಸ್ (ಮುಖ್ಯ ಶತ್ರು) ಮೇಲೆ ಕ್ಲಿಕ್ ಮಾಡಬೇಕು. ಸರ್ವರ್ ದೂರ ನಮ್ಮ ಕೈಯಲ್ಲಿಲ್ಲ, ಒಂದೇ ಕೀಲಿಗೆ ಆದೇಶಗಳನ್ನು ಬರೆದು ಕಟ್ಟುವ ಮ್ಯಾಕ್ರೊದಿಂದ ಈ ಮೂರು ಕೆಲಸವನ್ನು ಒಂದಕ್ಕೆ ಇಳಿಸುವುದು ನಮ್ಮ ಕೈಯಲ್ಲಿದೆ.

ಹೊಸಬರು ಬರೆಯುವ ಮೊದಲ ಮ್ಯಾಕ್ರೊದಲ್ಲೇ ಒಂದು ತಪ್ಪು ನುಸುಳುತ್ತದೆ. /ಟಾರ್ಗೆಟ್ ಎಂದು ಒಂದು ಸಾಲು, ಕೆಳಗೆ /ಕಾಸ್ಟ್ ಎಂದು ಇನ್ನೊಂದು. ಮೊದಲ ಸಾಲು ನಿಮ್ಮ ಗುರಿಯನ್ನೇ ಬದಲಿಸಿಬಿಡುತ್ತದೆ. ಸ್ಪೆಲ್ ಹೋಗದಿದ್ದರೂ ಗುರಿ ಮಾತ್ರ ಹಿಂದಕ್ಕೆ ಬರುವುದಿಲ್ಲ, ಮುಂದಿನ ಹೊಡೆತ ಎಲ್ಲೋ ಬೀಳುತ್ತದೆ. ಬೇಕಾದದ್ದು ಗುರಿಯನ್ನು ಹಾಗೇ ಬಿಟ್ಟು ಈ ಒಂದು ಸ್ಪೆಲ್ಲನ್ನು ಮಾತ್ರ ಬೇರೆಯವರ ಕಡೆ ತಿರುಗಿಸುವುದು. ಅದಕ್ಕೆ ಇರುವುದೇ @ ಚಿಹ್ನೆ.

ಚಾಟ್ ಪೆಟ್ಟಿಗೆಯಲ್ಲಿ /ಮ್ಯಾಕ್ರೊ ಎಂದು ಕೊಟ್ಟರೆ ಕಿಟಕಿ ತೆರೆಯುತ್ತದೆ. ಹೊಸದು ಮಾಡಿ, ಹೆಸರು ಕೊಡಿ, ಕೆಂಪು ಪ್ರಶ್ನೆಚಿಹ್ನೆಯ ಐಕಾನನ್ನೇ ಆರಿಸಿ. ನಂತರ ಫ್ಲ್ಯಾಶ್ ಹೀಲ್ ಎಂಬ ಗುಣಪಡಿಸುವ ಸ್ಪೆಲ್‌ಗೆ ಕೆಳಗಿನ ಎರಡು ಸಾಲು. ಇಲ್ಲಿ ಓದಲೆಂದು ಕನ್ನಡದಲ್ಲಿ ಕೊಟ್ಟಿದೆ, ಆಟದೊಳಗೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

#ಶೋಟೂಲ್‌ಟಿಪ್
/ಕಾಸ್ಟ್ [@ಮೌಸ್‌ಓವರ್,ಹೆಲ್ಪ್,ನೋಡೆಡ್][ಹೆಲ್ಪ್,ನೋಡೆಡ್][@ಪ್ಲೇಯರ್] ಫ್ಲ್ಯಾಶ್ ಹೀಲ್

ಪ್ರಶ್ನೆಚಿಹ್ನೆಯ ಜಾಗದಲ್ಲಿ ಸ್ಪೆಲ್‌ನ ಐಕಾನ್ ತಾನಾಗಿ ಕಾಣಿಸಿದರೆ ಹೆಸರಿನ ಸ್ಪೆಲ್ಲಿಂಗ್ ಸರಿ ಇದೆ ಎಂದರ್ಥ. ಪ್ರಶ್ನೆಚಿಹ್ನೆ ಹಾಗೇ ಉಳಿದರೆ ಮೊದಲು ಅಲ್ಲೇ ಹುಡುಕಿ. ಒಂದು ಮ್ಯಾಕ್ರೊಗೆ ಒಟ್ಟು 255 ಅಕ್ಷರದ ಮಿತಿ ಇರುವುದರಿಂದ ಬೇಡದ ಖಾಲಿ ಜಾಗ ಬಿಡಬೇಡಿ.

ಒಂದೇ ಆವರಣದೊಳಗಿನ ಅಲ್ಪವಿರಾಮಕ್ಕೆ ‘ಮತ್ತು’ ಎಂಬ ಅರ್ಥ, ಅಲ್ಲಿರುವ ಎಲ್ಲ ಷರತ್ತೂ ಕೂಡಿಬರಬೇಕು. ಒಂದರ ಪಕ್ಕ ಒಂದಿರುವ ಆವರಣಗಳಿಗೆ ‘ಇಲ್ಲವಾದರೆ’ ಎಂಬ ಅರ್ಥ. ಆಟ ಎಡದಿಂದ ನೋಡುತ್ತಾ ಬಂದು ಹೊಂದಿದ ಮೊದಲನೆಯದರಲ್ಲೇ ನಿಲ್ಲುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸುರತ್ಕಲ್ ಬಸ್ಸು ಯಾವುದು ಮೊದಲು ಬಂತೋ ಅದನ್ನೇ ಹತ್ತುತ್ತೇವಲ್ಲ, ಹಾಗೆ. ಮೇಲಿನ ಸಾಲಿನಲ್ಲಿ ಮೌಸಿನ ಕೆಳಗೆ ಬದುಕಿರುವ ಮಿತ್ರನಿದ್ದರೆ ಅವನಿಗೆ, ಇಲ್ಲವಾದರೆ ಈಗಿನ ಗುರಿ ಮಿತ್ರನಾಗಿದ್ದರೆ ಅವನಿಗೆ, ಅದೂ ಅಲ್ಲದಿದ್ದರೆ ನಿಮಗೇ. ಕರ್ಸರ್ ಪಾತ್ರದ ಮೈಮೇಲೆಯೇ ಇರಬೇಕೆಂದಿಲ್ಲ, ರೇಡ್ (ದೊಡ್ಡ ತಂಡದ ದಾಳಿ) ಪಟ್ಟಿಯಲ್ಲಿರುವ ಹೆಸರಿನ ಚೌಕದ ಮೇಲಿದ್ದರೂ ಆಯಿತು.

ನೋಡೆಡ್, ಅಂದರೆ ಸತ್ತಿರಬಾರದು ಎಂಬ ಷರತ್ತು, ಯಾಕೆ ಎಂದು ಕೇಳುವವರಿದ್ದಾರೆ. ಸತ್ತು ಬಿದ್ದ ಜೊತೆಗಾರನೂ ಮಿತ್ರನೇ, ಆದ್ದರಿಂದ ಹೆಲ್ಪ್ ಷರತ್ತು ಅವನ ವಿಷಯದಲ್ಲೂ ನಿಜ. ಆಟ ಆ ಶವದ ಮೇಲೆ ಹೀಲ್ ಹಾಕಲು ಹೋಗಿ ಕೆಂಪು ಸಂದೇಶ ತೋರಿಸುತ್ತದೆ, ಮುಂದಿನ ಆವರಣಕ್ಕೆ ಹೋಗುವುದೇ ಇಲ್ಲ. ಮ್ಯಾಕ್ರೊ ನೋಡುವುದು ಷರತ್ತು ನಿಜವೋ ಸುಳ್ಳೋ ಎಂಬುದನ್ನಷ್ಟೇ. ಸ್ಪೆಲ್ ತಲುಪುತ್ತದೋ ಇಲ್ಲವೋ ಎಂಬುದನ್ನಲ್ಲ. ಫ್ಲ್ಯಾಶ್ ಹೀಲ್ ಮುಟ್ಟುವುದು 40 ಗಜ. ಮೌಸಿನ ಕೆಳಗಿನವನು 60 ಗಜ ಆಚೆ ಇದ್ದರೆ ಸ್ಪೆಲ್ ಅಲ್ಲಿಗೇ ಕೆಡುತ್ತದೆ, ನಿಮ್ಮ ಮೇಲೆ ಬೀಳುವುದಿಲ್ಲ. ನಡುವೆ ಗೋಡೆ ಅಡ್ಡವಿದ್ದರೂ, ಸ್ಪೆಲ್‌ಗೆ ಖರ್ಚಾಗುವ ಮಾನಾ ಸಾಲದಿದ್ದರೂ ಇದೇ ಗತಿ. ‘ಮ್ಯಾಕ್ರೊ ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದ. ಯಾರ ಆರೋಗ್ಯ ಕಡಿಮೆಯಿದೆ ಎಂದು ನೋಡಿ ಆರಿಸುವ ಷರತ್ತೂ ಇಲ್ಲ, ಆ ನಿರ್ಧಾರ ಆಟಗಾರನದೇ.

ಶತ್ರುವಿನ ಮಂತ್ರ ತಡೆಯುವುದಕ್ಕೆ ಫೋಕಸ್, ಅಂದರೆ ಗುರಿಯ ಜೊತೆಗೆ ಗುರುತಿಸಿಟ್ಟ ಇನ್ನೊಬ್ಬ, ಅನುಕೂಲ. ಇಲ್ಲಿ ಹೆಲ್ಪ್ ಬದಲು ಶತ್ರುವಿಗೆ ಹಾರ್ಮ್. ತಡೆಯಬೇಕಾದವನ ಮೇಲೆ ಮೌಸ್ ಇಟ್ಟು, /ಫೋಕಸ್ [@ಮೌಸ್‌ಓವರ್,ಹಾರ್ಮ್,ನೋಡೆಡ್] ಎಂಬ ಸಾಲಿನ ಮ್ಯಾಕ್ರೊದಿಂದ ಮೊದಲೇ ಗುರುತಿಸಿಟ್ಟುಕೊಳ್ಳಿ. ಆಮೇಲೆ ಮೇಜ್ (ಮಾಂತ್ರಿಕ) ಪಾತ್ರಕ್ಕೆ ಇಷ್ಟು ಸಾಕು:

/ಸ್ಟಾಪ್‌ಕಾಸ್ಟಿಂಗ್
/ಕಾಸ್ಟ್ [@ಫೋಕಸ್,ಹಾರ್ಮ್,ನೋಡೆಡ್][ಹಾರ್ಮ್,ನೋಡೆಡ್] ಕೌಂಟರ್‌ಸ್ಪೆಲ್

ಮೊದಲ ಸಾಲು ಇಲ್ಲದಿದ್ದರೆ ನೀವೇ ಇನ್ನೊಂದು ಸ್ಪೆಲ್ ಹಾಕುತ್ತಿರುವಾಗ ತಡೆ ಹೊರಡುವುದಿಲ್ಲ. ಫೋಕಸ್ ಸತ್ತ ಮೇಲೆ ಮ್ಯಾಕ್ರೊ ತಾನಾಗಿ ಈಗಿನ ಗುರಿಗೆ ಇಳಿಯುತ್ತದೆ.

ನೆಲದ ಮೇಲೆ ಬೀಳುವ ಬ್ಲಿಝಾರ್ಡ್‌ನಂಥ ಸ್ಪೆಲ್‌ಗಳಿಗೆ @ಕರ್ಸರ್ ಹಾಕಿ. ವೃತ್ತ ತೋರಿಸಿ ಇನ್ನೊಂದು ಕ್ಲಿಕ್ ಕೇಳುವ ಹಂತ ತಪ್ಪುತ್ತದೆ.

ಹಾಗೆಂದು /ಟಾರ್ಗೆಟ್ ಎಲ್ಲೂ ಬೇಡವೆಂದಲ್ಲ. ಅಪರೂಪದ ಒಂದು ಪ್ರಾಣಿಯನ್ನು ಹುಡುಕುವಾಗ ಅದು ಬೇಕು. ಆದರೆ ಹೆಸರಿನ ಮೊದಲ ಕೆಲವು ಅಕ್ಷರ ಸೇರಿದರೂ ಅದು ಬೇರೆಯದನ್ನು ಹಿಡಿದೀತು. ಹಾಗಾಗಿ ಪೂರ್ತಿ ಹೆಸರಿನೊಂದಿಗೆ /ಟಾರ್ಗೆಟ್‌ಎಕ್ಸಾಕ್ಟ್ ಬಳಸಿ, ಅದರ ಮೇಲಿನ ಸಾಲಿನಲ್ಲಿ /ಕ್ಲಿಯರ್‌ಟಾರ್ಗೆಟ್ ಹಾಕಿ. ಇಲ್ಲವಾದರೆ ಹುಡುಕಿದ್ದು ಸಿಗದಾಗ ಹಳೆಯ ಗುರಿಯೇ ಉಳಿದು ಸಿಕ್ಕಿತೆಂಬ ಭ್ರಮೆ ಹುಟ್ಟಿಸುತ್ತದೆ.

ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆನ್‌ಲೈನ್ ಆಟ ಆಡುವವರು ಇದೇ ಲೆಕ್ಕವನ್ನು ಅಲ್ಲಿಗೆ ಒಯ್ಯಬಾರದು. ಅಲ್ಲಿ ಚೌಕ ಆವರಣದ ಷರತ್ತುಗಳಿಲ್ಲ. ಗುರಿಯ ಗುರುತು ಕೋನಾವರಣದೊಳಗೆ ಬರುತ್ತದೆ: ಮೌಸಿನ ಕೆಳಗಿನವರಿಗೆ ಎಂಒ, ಫೋಕಸ್‌ಗೆ ಎಫ್, ನಿಮಗೆ ಎಂಇ. ಒಂದು ಮ್ಯಾಕ್ರೊಗೆ 15 ಸಾಲು. ಮ್ಯಾಕ್ರೊದಿಂದ ಹೊರಟ ಕ್ರಿಯೆ ಸರದಿಯಲ್ಲಿ ನಿಲ್ಲುವುದಿಲ್ಲ, ಹಿಂದಿನದು ಮುಗಿಯುವ ಮೊದಲೇ ಒತ್ತಿದ ಕೀಲಿ ವ್ಯರ್ಥವಾಗುತ್ತದೆ. ಮೇಲಿಂದ ಮೇಲೆ ಹಾಕುವ ಮುಖ್ಯ ಹೊಡೆತಗಳನ್ನು ಅಲ್ಲಿ ಮ್ಯಾಕ್ರೊಗೆ ಕಟ್ಟದಿರುವುದೇ ಒಳ್ಳೆಯದು.

ವಾರ್‌ಕ್ರಾಫ್ಟ್‌ನಲ್ಲಿ ರೇಡಿಗೆ ಹೋಗುವ ಮುಂಚೆ ಆಟದ ನಗರಗಳಾದ ಸ್ಟಾರ್ಮ್‌ವಿಂಡ್ ಅಥವಾ ಆರ್ಗ್ರಿಮಾರ್‌ನ ಅಭ್ಯಾಸದ ಗೊಂಬೆಯ ಬಳಿ ಹೀಲ್ ಮ್ಯಾಕ್ರೊ ಪರೀಕ್ಷಿಸಿ. ಗೊಂಬೆಯನ್ನು ಗುರಿಯಾಗಿಟ್ಟು, ಮೌಸನ್ನು ಖಾಲಿ ನೆಲದ ಮೇಲಿಟ್ಟು ಒತ್ತಿದರೆ ಹೀಲ್ ನಿಮ್ಮ ಮೇಲೆ ಬೀಳಬೇಕು. ಜೊತೆಗಾರನ ಚೌಕದ ಮೇಲಿಟ್ಟು ಒತ್ತಿದರೆ ಅವನ ಮೇಲೆ ಬೀಳಬೇಕು. ಎರಡೂ ಸಲ ಗೊಂಬೆಯೇ ಗುರಿಯಾಗಿ ಉಳಿದಿರಬೇಕು. ಕೌಂಟರ್‌ಸ್ಪೆಲ್ ಮ್ಯಾಕ್ರೊ ಒತ್ತಿದಾಗ ಏನೂ ಆಗದೆ, ಸಂದೇಶವೂ ಬಾರದಿದ್ದರೆ ಯಾವ ಆವರಣವೂ ಹೊಂದಿಲ್ಲ ಎಂದು ತಿಳಿಯಿರಿ. ಎಲ್ಲ ಸರಿಯಾದ ಮೇಲೆ /ರಿಲೋಡ್ ಕೊಟ್ಟು, ಮ್ಯಾಕ್ರೊಗಳ ಒಂದು ಪ್ರತಿಯನ್ನು ಬೇರೆ ಕಡತದಲ್ಲೂ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕರೆಂಟು ಹೇಳಿ ಹೋಗುವುದಿಲ್ಲ.