ಗೆರೆ ತುಂಬೋದು ಬಿಟ್ಟೆ, ಕೆನ್ನೆಗೆ ಹಾಕ್ದೆ: ಫಿಲ್ಲರ್ ವಿಷಯದಲ್ಲಿ ನನ್ನ ಅನುಭವ

ಫಿಲ್ಲರ್ ಅಂದ್ರೆ ಚರ್ಮದ ಕೆಳಗೆ ಚುಚ್ಚಿ ತುಂಬೋ ಜೆಲ್. ಅದರ ಒಂದೇ ಒಂದು ಎಂಎಲ್ ಸಿರಿಂಜಲ್ಲಿ ಮೂಗಿನ ಪಕ್ಕದ ಗೆರೆ ಎರಡೂ ಕಡೆ ತಗ್ಗುತ್ತೆ ಅಂದಾಗ ಯಾರೂ ನಂಬ್ಲಿಲ್ಲ. ಜೊತೆಗೆ ಓದಿ ಬೆಂಗಳೂರಲ್ಲಿ ಪ್ರಾಕ್ಟೀಸ್ ಮಾಡೋರು ಮೂರು ಸಿರಿಂಜ್ ಇಲ್ದೆ ಏನೂ ಕಾಣಲ್ಲ ಅಂದ್ರು, ದಾವಣಗೆರೆಯವ್ರು ಈ ಊರಲ್ಲಿ ಮುಖಕ್ಕೆ ಅಷ್ಟು ದುಡ್ಡು ಯಾರು ಹಾಕ್ತಾರೆ ಅಂದ್ರು. ಈಗ ತಿಂಗಳಿಗೆ ಎಂಟು ಹತ್ತು ಕೇಸ್ ಮಾಡ್ತಿದೀನಿ, ಮದುವೆ ಸೀಸನ್ನಲ್ಲಿ ಇನ್ನೂ ಜಾಸ್ತಿ.

ಶುರುವಲ್ಲಿ ನಾನೂ ಗೆರೆ ಕಂಡಲ್ಲೇ ತುಂಬ್ತಿದ್ದೆ. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೆಸ್ಟಿಲೇನ್ ಅನ್ನೋ ಫಿಲ್ಲರ್‌ಗೆ ಒಪ್ಪಿಗೆ ಕೊಟ್ಟಿದ್ದೇ ಈ ನೇಸೋಲೇಬಿಯಲ್, ಅಂದ್ರೆ ಮೂಗಿನ ಪಕ್ಕದ ಗೆರೆ ತರದವಕ್ಕೆ, ಹಾಗಾಗಿ ಗೆರೆಗೇ ಹಾಕ್ಬೇಕು ಅಂತ ತಲೇಲಿ ಕೂತಿತ್ತು. ಚನ್ನಗಿರಿ ಕಡೆಯ ತೋಟದವ್ರ ಮನೆ ಹೆಣ್ಮಗಳು, ಐವತ್ತರ ಆಸುಪಾಸು, ಅವ್ರಿಗೆ ನೀಡಲ್‌ನಲ್ಲಿ ಎರಡು ಸಿರಿಂಜ್ ಗೆರೆಗೇ ಹಾಕ್ದೆ. ಸುಮ್ನೆ ಕೂತಾಗ ಚೆನ್ನಾಗೇ ಕಾಣ್ತಿತ್ತು. ವಾರ ಬಿಟ್ಟು ಬಂದು "ಡಾಕ್ಟ್ರೇ, ಗೆರೆ ಹೋತು, ಆದ್ರೆ ನಕ್ರೆ ದವಡ್ಯಾಗೆ ಅಡಿಕೆ ಇಟ್ಕಂಡಂಗೆ ಕಾಣ್ತತಿ ನೋಡ್ರಿ" ಅಂದ್ರು. ಖಂಡಿತ ಹಾಗೇ ಇತ್ತು. ಈ ಜೆಲ್ ಕರಗಿಸೋ ಹಯಲುರಾನಿಡೇಸ್ ಅನ್ನೋ ಇಂಜೆಕ್ಷನ್ ಹಾಕಿ ಕರಗಿಸಿ ಪೂರ್ತಿ ದುಡ್ಡು ವಾಪಸ್ ಕೊಟ್ಟೆ, ಮೂವತ್ತು ಸಾವಿರ ಚಿಲ್ಲರೆ ಕೈಯಿಂದ ಹೋಯ್ತು. ಆಮೇಲೆ ಕಣ್ಣಿನ ಕೆಳಗೆ ಮಾಡಿದ ಒಂದು ಕೇಸಲ್ಲಿ ಜೆಲ್ ಮೇಲೆ ಮೇಲೆ ಕೂತು ನೀಲಿ ಛಾಯೆ ಬಂತು, ಅದನ್ನೂ ಕರಗಿಸಿದ್ದಾಯ್ತು. ಆ ವರ್ಷ ಫಿಲ್ಲರ್‌ನಲ್ಲಿ ಲಾಭ ಅಂತ ಏನೂ ಉಳೀಲಿಲ್ಲ.

ದಾರಿ ಸಿಕ್ಕಿದ್ದು ಕನ್ನಡಿ ಮುಂದೆ. ಒಬ್ರಿಗೆ ಮಾರ್ಕ್ ಮಾಡ್ತಾ ಇದ್ದೆ, ಮಲಗಿಸಿದ ತಕ್ಷಣ ಅವ್ರ ಗೆರೆ ಅರ್ಧ ಮಾಯ ಆಯ್ತು. ಎಬ್ಬಿಸಿ ಕೂರಿಸಿ ಕೆನ್ನೆ ಮೂಳೆ ಮೇಲೆ ಒಂದೇ ಬೆರಳಿಟ್ಟು ಕಿವಿ ಕಡೆಗೆ ಸ್ವಲ್ಪ ಮೇಲಕ್ಕೆ ಒತ್ತಿದ್ರೆ ಅದೇ ಗೆರೆ ಮತ್ತೆ ಸಡಿಲ ಆಯ್ತು, ಬೆರಳು ತೆಗೆದ್ರೆ ವಾಪಸ್ ಬಂತು, ನಾಲ್ಕೈದು ಸಲ ಹಾಗೇ ಮಾಡಿ ನೋಡ್ದೆ. ಕೆನ್ನೆ ಇಳಿದಿದ್ದಕ್ಕೆ ಬಂದ ಗೆರೆಗೆ ಗೆರೆಯಲ್ಲೇ ಎಷ್ಟು ಸುರಿದ್ರೂ ಭಾರ ತಾನೇ ಆಗೋದು. ಅವತ್ತಿಂದ ಮಾರ್ಕಿಂಗ್ ಕೂರಿಸಿಯೇ ಮಾಡ್ತೀನಿ.

ಈಗ ಕೆನ್ನೆಗೆ ಒಂದೊಂದು ಕಡೆ 0.3 ಎಂಎಲ್, ಮೂಳೆಗೆ ತಾಗಿದ ಹಾಗೆ ಆಳಕ್ಕೆ, ಉಳಿದಿದ್ದು ಗೆರೆಗೆ 0.2ರಂತೆ, ನೀಡಲ್ ಬದಲು 25 ಗೇಜ್ ಕ್ಯಾನುಲಾದಲ್ಲಿ, ಅಂದ್ರೆ ಮೊಂಡು ತುದಿಯ ಸಣ್ಣ ಕೊಳವೆಯಲ್ಲಿ, ನಿಧಾನಕ್ಕೆ. ಅಲ್ಲಿಗೆ ಸಿರಿಂಜ್ ಖಾಲಿ, ಅರ್ಧ ಉಳೀತು ಅಂತ ಫ್ರಿಜ್ಜಲ್ಲಿಡೋ ತಲೆನೋವೂ ಇಲ್ಲ. ಕ್ಯಾನುಲಾ ಒಳಗೆ ಹೋಗೋ ತೂತು ಎಲ್ಲಿ, ಯಾವ ಕೋನ ಅನ್ನೋದು ಕ್ಲಿನಿಕ್ಕಿಗೆ ಬಂದವ್ರಿಗೆ ಕೈ ಹಿಡಿದು ತೋರಿಸ್ತೀನಿ, ಇಲ್ಲಿ ಬರೆಯಲ್ಲ. ನನ್ನ ಕೇಸ್‌ಗಳಲ್ಲಿ ಬಾವು, ಕಲೆ ಕಮ್ಮಿ ಇರೋದು ಬಹುಪಾಲು ಅದರಿಂದಲೇ.

ಭಯ ಬಿದ್ದಿದ್ದು ಒಂದೇ ಸಲ. ನೀಡಲ್ ಕಾಲದ್ದೇ, ಹಾಕ್ತಾ ಹಾಕ್ತಾನೇ ಮೂಗಿನ ರೆಕ್ಕೆ ಪಕ್ಕ ಚರ್ಮ ಸುಣ್ಣ ಬಳಿದ ಹಾಗೆ ಬಿಳುಚಿಕೊಳ್ತು, ಬೆರಳಲ್ಲಿ ಒತ್ತಿ ಬಿಟ್ರೆ ಬಣ್ಣ ವಾಪಸ್ ಬರ್ತಿಲ್ಲ. ರಕ್ತನಾಳ ಕಟ್ಟಿದೆ ಅಂತ ಗೊತ್ತಾದ ಕೂಡ್ಲೇ ನಿಲ್ಲಿಸಿ ಅದೇ ಹಯಲುರಾನಿಡೇಸ್ 1500 ಯೂನಿಟ್ ವಯಲ್ ಒಡೆದು ಆ ಜಾಗಕ್ಕೆಲ್ಲ ಹಾಕ್ದೆ, ಮಸಾಜು, ಬಿಸಿ ಬಟ್ಟೆ, ಗಂಟೆ ಬಿಟ್ಟು ಮತ್ತೊಂದು ವಯಲ್. ಮೂರನೇದಕ್ಕೆ ಬಣ್ಣ ತಿರುಗ್ತು, ರಾತ್ರಿ ಹತ್ತರವರೆಗೆ ಅವ್ರನ್ನ ಕಳಿಸ್ಲಿಲ್ಲ. ಕೈಗೆ ಸಿಗೋ ಹಾಗೆ ನಾಲ್ಕೈದು ವಯಲ್ ಇಲ್ಲದೆ ದಯವಿಟ್ಟು ಯಾರೂ ಸಿರಿಂಜ್ ಮುಟ್ಬೇಡಿ, ಹದಿನೈದು ಸಾವಿರದ ಫಿಲ್ಲರ್ ಮುಂದೆ ಆ ಖರ್ಚು ಏನೂ ಅಲ್ಲ.

ದುಡ್ಡಿನ ಲೆಕ್ಕ ಅಂದ್ರೆ ಸಿರಿಂಜ್ ನನಗೆ ಸುಮಾರು ಹದಿನಾಲ್ಕು ಹದಿನೈದು ಸಾವಿರಕ್ಕೆ ಬೀಳುತ್ತೆ, ಇಪ್ಪತ್ತೆರಡು ತಗೋತೀನಿ. ಮೂರು ಸಿರಿಂಜ್ ಅಂದಿದ್ರೆ ಬಾಗಿಲಲ್ಲೇ ವಾಪಸ್ ಹೋಗ್ತಿದ್ರು. ಹತ್ತು ತಿಂಗಳಿಂದ ಒಂದು ವರ್ಷ ನಿಲ್ಲುತ್ತೆ, ಅರ್ಧಕ್ಕರ್ಧ ಜನ ಮತ್ತೆ ಬರ್ತಾರೆ. ಚನ್ನಗಿರಿಯವ್ರೂ ಮಗಳ ಮದುವೆಗೆ ಮುಂಚೆ ಬಂದು ಈ ತರ ಮಾಡಿಸ್ಕೊಂಡು ಹೋದ್ರು.

ಮಧ್ಯೆ ತುಟಿ ಮೇಲಿನ ಸಣ್ಣ ಗೆರೆಗೆ, ಅವ್ರವ್ರ ರಕ್ತದಿಂದಲೇ ತೆಗೆದ ಪ್ಲೇಟ್ಲೆಟ್ ದ್ರವ ಚುಚ್ಚೋ ಪಿಆರ್‌ಪಿ ಪ್ರಯತ್ನ ಪಟ್ಟೆ, ನಾಲ್ಕು ಸಿಟ್ಟಿಂಗ್ ಮಾಡಿದ್ರೂ ಫೋಟೋದಲ್ಲಿ ವ್ಯತ್ಯಾಸ ಕಾಣ್ಲಿಲ್ಲ, ಬಿಟ್ಬಿಟ್ಟೆ. ಹಣೆಗೆ ಬೊಟಾಕ್ಸ್ ಬಿಟ್ಟು ಬೇರೆ ಏನೂ ಹಾಕಲ್ಲ. ಬಿಸಿಲಲ್ಲಿ ತೋಟ ಸುತ್ತೋರಿಗೆ ಸನ್‌ಸ್ಕ್ರೀನ್ ರೂಢಿ ಆಗೋವರೆಗೆ ಫಿಲ್ಲರ್ ಡೇಟೇ ಕೊಡಲ್ಲ. ಈಗ ಗದ್ದಕ್ಕೆ ಇದೇ ರೀತಿ ಕಮ್ಮಿ ಡೋಸಲ್ಲಿ ಆರು ಜನಕ್ಕೆ ಮಾಡಿದೀನಿ, ವರ್ಷ ತುಂಬಿದ ಮೇಲೆ ಅದರ ಬಗ್ಗೆ ಬರೀತೀನಿ.